ಮಂಗಳಕ್ಕೆ ಬಾಡಿಗೆ ಗಾಡಿ ಬೇಕು, ಜಮೀನ್ದಾರರು ಬೇಡ

2025ರ ನವೆಂಬರ್ 13ರಂದು ಫ್ಲಾರಿಡಾದ ಕೇಪ್ ಕೆನವೆರಲ್‌ನಿಂದ ನ್ಯೂ ಗ್ಲೆನ್ ರಾಕೆಟ್ ಎರಡು ಪುಟ್ಟ ನೌಕೆಗಳನ್ನು ಹೊತ್ತು ಹಾರಿತು. ರಾಕೆಟ್ ಜೆಫ್ ಬೆಜೋಸ್ ಅವರ ಬ್ಲೂ ಒರಿಜಿನ್ ಕಂಪನಿಯದು. ನೌಕೆಗಳನ್ನು ಕಟ್ಟಿದ್ದು ರಾಕೆಟ್ ಲ್ಯಾಬ್ ಎಂಬ ಇನ್ನೊಂದು ಕಂಪನಿ. ಮಂಗಳದ ತೆಳು ವಾತಾವರಣವನ್ನು ಸೌರಮಾರುತ ಹೇಗೆ ಸವೆಸುತ್ತಿದೆ ಎಂಬ ಪ್ರಶ್ನೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳದು. ದುಡ್ಡು ನಾಸಾದ್ದು, ಅಂದರೆ ಅಮೆರಿಕದ ತೆರಿಗೆದಾರರದು. ‘ಎಸ್ಕಪೇಡ್’ ಹೆಸರಿನ ಈ ಯಾತ್ರೆಗೆ ತಗುಲಿದ್ದು ಹತ್ತು ಕೋಟಿ ಡಾಲರಿಗಿಂತ ಕಡಿಮೆ. ಗ್ರಹಯಾನದ ಲೆಕ್ಕದಲ್ಲಿ ಇದು ಚಿಲ್ಲರೆ.

ಖಾಸಗಿ ಕಂಪನಿಗಳು ಮಂಗಳಕ್ಕೆ ಹೋಗಬೇಕೇ ಎಂದು ಕೇಳಿದರೆ ನಾನು ತೋರಿಸುವುದು ಈ ಏರ್ಪಾಟನ್ನೇ. ಧಾರಾಳವಾಗಿ ಹೋಗಲಿ. ಏಕೆ ಹೋಗಬೇಕು, ಏನು ಒಯ್ಯಬೇಕು, ಅಲ್ಲಿ ಏನನ್ನು ಮುಟ್ಟಬಾರದು ಎಂಬುದನ್ನು ಮಾತ್ರ ಕಂಪನಿಯ ಆಡಳಿತ ಮಂಡಳಿಗೆ ಬಿಟ್ಟುಕೊಡಬಾರದು.

ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಮಂಗಳದಲ್ಲಿ ಸದ್ಯಕ್ಕೆ ವ್ಯಾಪಾರವೇ ಇಲ್ಲ. ಭೂಮಿಯಿಂದ ಹೊರಡಲು ಅನುಕೂಲದ ಹೊತ್ತು ಒದಗುವುದೇ 26 ತಿಂಗಳಿಗೊಮ್ಮೆ. ಅಲ್ಲಿಂದ ತಂದು ಮಾರಿ ಲಾಭ ಮಾಡುವಂಥ ಸರಕು ಯಾವುದೂ ಕಾಣುತ್ತಿಲ್ಲ. ಮಂಗಳದ ಮಾತಿರಲಿ, ಚಂದ್ರನಿಗೇ ಈ ಲೆಕ್ಕ ಕೂಡಲಿಲ್ಲ. ಖಾಸಗಿ ದುಡ್ಡಿನಲ್ಲಿ ಚಂದ್ರನ ಮೇಲೆ ಗಾಡಿ ಓಡಿಸುವವರಿಗೆಂದು ಗೂಗಲ್ ಪ್ರಾಯೋಜಿತ ಲೂನಾರ್ ಎಕ್ಸ್‌ಪ್ರೈಜ್ ಒಟ್ಟು ಮೂರು ಕೋಟಿ ಡಾಲರ್ ಇಟ್ಟಿತ್ತು. ಬೆಂಗಳೂರಿನ ಟೀಮ್‌ಇಂಡಸ್ ಹುಡುಗರು ನೌಕೆಯ ತಂತ್ರಜ್ಞಾನಕ್ಕೆ ನಡುದಾರಿಯ ಬಹುಮಾನವನ್ನೂ ಗೆದ್ದಿದ್ದರು. ಪಿಎಸ್‌ಎಲ್‌ವಿ ರಾಕೆಟ್‌ಗಾಗಿ ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಜೊತೆ ಮಾಡಿಕೊಂಡ ಒಪ್ಪಂದ ಮುರಿದುಬಿತ್ತು. 2018ರ ಮಾರ್ಚಿಗೆ ಗಡುವು ಮುಗಿದಾಗ ಯಾವ ದೇಶದ ಯಾವ ತಂಡವೂ ಚಂದ್ರನನ್ನು ಮುಟ್ಟಿರಲಿಲ್ಲ. ನಮ್ಮ ಹುಡುಗರಲ್ಲಿ ಜಾಣತನಕ್ಕೆ ಕೊರತೆಯಿರಲಿಲ್ಲ, ಗಿರಾಕಿಗಳು ಇರಲಿಲ್ಲ.

ವ್ಯಾಪಾರ ಇಲ್ಲದ ಕಡೆ ಕನಸು ಮಾರುವವರು ಬರುತ್ತಾರೆ. 2012ರಲ್ಲಿ ನೆದರ್ಲೆಂಡ್ಸ್‌ನ ಬಾಸ್ ಲ್ಯಾನ್ಸ್‌ಡಾರ್ಪ್ ‘ಮಾರ್ಸ್ ಒನ್’ ಘೋಷಿಸಿದರು. ಹೋಗುವುದಷ್ಟೇ, ಮರಳುವುದಿಲ್ಲ, ಖರ್ಚಿಗೆ ಟೀವಿ ಪ್ರಸಾರದ ಹಕ್ಕು. ಎರಡು ಲಕ್ಷ ಜನ ಆಸಕ್ತಿ ತೋರಿದ್ದಾರೆಂದು ಕಂಪನಿ ಹೇಳಿಕೊಂಡಿತು, ಅರ್ಜಿಗೆ ಶುಲ್ಕವನ್ನೂ ವಸೂಲು ಮಾಡಿತು. ಕೊನೆಗೆ ಆರಿಸಿದ ನೂರು ಮಂದಿಯಲ್ಲಿ ಭಾರತೀಯರೂ ಇದ್ದರು. ರಾಕೆಟ್ಟೂ ಇರಲಿಲ್ಲ, ನೌಕೆಯೂ ಇರಲಿಲ್ಲ. 2019ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ನ್ಯಾಯಾಲಯ ಅದನ್ನು ದಿವಾಳಿ ಎಂದು ಘೋಷಿಸಿತು.

ಈಲಾನ್ ಮಸ್ಕ್ ಅವರನ್ನು ಇದೇ ಸಾಲಿಗೆ ಸೇರಿಸುವುದು ಅನ್ಯಾಯ. ಅವರ ಬಳಿ ನಿಜವಾದ ರಾಕೆಟ್ ಇದೆ. ಅವರು 2002ರಲ್ಲಿ ಶುರು ಮಾಡಿದ ಸ್ಪೇಸ್‌ಎಕ್ಸ್‌ನ ಮೊದಲ ಮೂರು ಫಾಲ್ಕನ್-1 ರಾಕೆಟ್‌ಗಳು ಕೈಕೊಟ್ಟವು. 2008ರ ಸೆಪ್ಟೆಂಬರಿನಲ್ಲಿ ನಾಲ್ಕನೆಯದು ಕಕ್ಷೆ ಸೇರಿತು. ಆದರೂ ಬೊಕ್ಕಸ ಬರಿದಾಗಿತ್ತು. ಆ ಡಿಸೆಂಬರಿನಲ್ಲಿ ಕಂಪನಿಯನ್ನು ಉಳಿಸಿದ್ದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಸರಕು ಸಾಗಿಸಲು ನಾಸಾ ಕೊಟ್ಟ 160 ಕೋಟಿ ಡಾಲರಿನ ಗುತ್ತಿಗೆ. ಹಾರಿದ ರಾಕೆಟ್ಟನ್ನು ಮತ್ತೆ ಇಳಿಸಿಕೊಂಡು ಮರುಬಳಸುವ ವಿದ್ಯೆ ಆಮೇಲೆ ಕೈಗೂಡಿತು, ಉಡಾವಣೆಯ ದರ ಇಳಿಯಿತು. ಸರ್ಕಾರಿ ಸಂಸ್ಥೆಗಳು ದಶಕಗಟ್ಟಲೆ ಅಸಾಧ್ಯವೆಂದೋ ಅನಗತ್ಯವೆಂದೋ ಕೈಬಿಟ್ಟಿದ್ದ ಕೆಲಸ ಅದು. ಇಷ್ಟು ಸಾಧಿಸಿದವರನ್ನು ಮಂಗಳದಿಂದ ದೂರ ಇಡಿ ಎನ್ನುವುದು ಮೂರ್ಖತನ.

ದಿನಾಂಕಗಳ ಕತೆ ಬೇರೆ. ಮಂಗಳದಲ್ಲಿ ‘ರೆಡ್ ಡ್ರ್ಯಾಗನ್’ ನೌಕೆ ಇಳಿಯುವುದು 2018ರಲ್ಲಿ ಎಂದರು, 2017ರಲ್ಲೇ ಅದನ್ನು ಕೈಬಿಟ್ಟರು. ಸರಕು 2022ಕ್ಕೆ, ಮನುಷ್ಯರು 2024ಕ್ಕೆ ಎಂದರು. ಎರಡೂ ಕಳೆದುಹೋದವು. ನಾಸಾದ ಕ್ಯೂರಿಯಾಸಿಟಿ ರೋವರ್ ಮಂಗಳದ ದಾರಿಯಲ್ಲಿ ಅಳೆದ ವಿಕಿರಣದ ಪ್ರಮಾಣ ಮನುಷ್ಯಯಾನ ಎಷ್ಟು ಅಪಾಯದ್ದೆಂದು ಹೇಳುತ್ತದೆ. ಆ ವಿಕಿರಣಕ್ಕೆ ಯಾವ ಘೋಷಣೆಯೂ ಮದ್ದಲ್ಲ.

ನನ್ನ ಮುಖ್ಯ ತಕರಾರು ದಿನಾಂಕಗಳದ್ದೂ ಅಲ್ಲ, ಹಕ್ಕಿನದು. ಇದೇ ಕಂಪನಿಯ ಸ್ಟಾರ್‌ಲಿಂಕ್ ಇಂಟರ್ನೆಟ್ ಸೇವೆಯ ಷರತ್ತುಗಳಲ್ಲಿ 2020ರಲ್ಲಿ ಒಂದು ಕಲಮು ಕಾಣಿಸಿಕೊಂಡಿತು: ಮಂಗಳ ಸ್ವತಂತ್ರ ಗ್ರಹ, ಭೂಮಿಯ ಯಾವ ಸರ್ಕಾರಕ್ಕೂ ಅಲ್ಲಿನ ಚಟುವಟಿಕೆಯ ಮೇಲೆ ಅಧಿಕಾರವಿಲ್ಲ ಎಂಬುದು ಅದರ ಸಾರ. ಇಂಟರ್ನೆಟ್ ಸಂಪರ್ಕ ಪಡೆಯಲು ‘ಒಪ್ಪಿದೆ’ ಎಂದು ಒತ್ತಿದವರೆಲ್ಲ ಒಂದು ಗ್ರಹದ ಸಂವಿಧಾನಕ್ಕೂ ಸಹಿ ಹಾಕಿದಂತಾಯಿತು! 1967ರ ಬಾಹ್ಯಾಕಾಶ ಒಪ್ಪಂದ ಇದಕ್ಕೆ ತದ್ವಿರುದ್ಧ. ಆಕಾಶಕಾಯಗಳನ್ನು ಯಾವ ದೇಶವೂ ತನ್ನದೆನ್ನುವಂತಿಲ್ಲ, ಖಾಸಗಿಯವರು ಮಾಡಿದ್ದಕ್ಕೂ ಅವರ ದೇಶವೇ ಹೊಣೆ, ಸರ್ಕಾರ ಅನುಮತಿ ಕೊಟ್ಟು ಸುಮ್ಮನಾಗದೆ ಸತತವಾಗಿ ಕಣ್ಣಿಡಬೇಕು, ಅನ್ಯಲೋಕವನ್ನು ಕಲುಷಿತಗೊಳಿಸಬಾರದು.

ಕಲುಷಿತಗೊಳಿಸಬಾರದೆಂಬ ಈ ಕೊನೆಯ ಮಾತು ಪುಸ್ತಕದ ಬದನೆಕಾಯಿಯಲ್ಲ. 1976ರಲ್ಲಿ ಮಂಗಳಕ್ಕಿಳಿದ ವೈಕಿಂಗ್ ನೌಕೆಗಳನ್ನು ಹಾರಿಸುವ ಮುನ್ನ, ನಮ್ಮ ಸೂಕ್ಷ್ಮಜೀವಿಗಳು ಜೊತೆಗೆ ಹೋಗದಿರಲೆಂದು 110 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಗಂಟೆಗಟ್ಟಲೆ ಇರಿಸಿದ್ದರು. 2019ರ ಏಪ್ರಿಲಿನಲ್ಲಿ ಇಸ್ರೇಲಿನ ಖಾಸಗಿ ನೌಕೆ ಬೆರೆಶೀಟ್ ಚಂದ್ರನಿಗೆ ಅಪ್ಪಳಿಸಿತು. ಅದರಲ್ಲಿ ಸಾವಿರಾರು ಟಾರ್ಡಿಗ್ರೇಡ್‌ಗಳು, ಅಂದರೆ ನೀರುಕರಡಿ ಎಂಬ ಗಟ್ಟಿಜೀವಿಗಳು ಇದ್ದವೆಂದು ಜಗತ್ತಿಗೆ ಗೊತ್ತಾದದ್ದು ತಿಂಗಳುಗಳ ನಂತರ. ಜೀವಕ್ಕೆ ಆಸರೆಯಿಲ್ಲದ ಚಂದ್ರನಾದ್ದರಿಂದ ಬಚಾವಾದೆವು. ಮಂಗಳದಲ್ಲಿ ನಾಸಾದ ಪರ್ಸಿವಿಯರೆನ್ಸ್ ರೋವರ್ ಜೆಜೆರೊ ಕುಳಿಯ ಬಂಡೆಯೊಂದರಲ್ಲಿ ಪ್ರಾಚೀನ ಜೀವದ ಕುರುಹಾಗಿರಬಹುದಾದ ಗುರುತುಗಳನ್ನು ಕಂಡಿದೆ. ಅದು ಖಚಿತವಾಗುವ ಮುನ್ನ ಯಾರಾದರೂ ಭೂಮಿಯ ಜೀವಿಗಳನ್ನು ಮಂಗಳದಲ್ಲಿ ಚೆಲ್ಲಿದರೆ, ಆಮೇಲೆ ಸಿಗುವ ಉತ್ತರವನ್ನು ನಂಬುವವರಾರು? ಆ ಬಂಡೆಯ ಚೂರನ್ನು ರೋವರ್ ಕೊಳವೆಯಲ್ಲಿ ತುಂಬಿಟ್ಟಿದೆ. ಇಂಥ ಕೊಳವೆಗಳನ್ನು ಭೂಮಿಗೆ ತರಲು 1,100 ಕೋಟಿ ಡಾಲರ್ ಬೇಕಾದೀತೆಂಬ ಅಂದಾಜು ಬಂದಾಗ, 2024ರಲ್ಲಿ ನಾಸಾ ಅಗ್ಗದ ದಾರಿ ಹುಡುಕಿಕೊಡಿ ಎಂದು ಕಂಪನಿಗಳನ್ನು ಕೇಳಿತು. ಮಂಗಳದ ಮೇಲೆ ಪ್ರೀತಿಯಿರುವ ಉದ್ಯಮಿಗಳು ನಗರ ಕಟ್ಟುವ ಮುಂಚೆ ಈ ಕೊಳವೆಗಳನ್ನು ತಂದುಕೊಡಲಿ.

ನಮಗೂ ಇದು ದೂರದ ಜಗಳವಲ್ಲ. ಮಂಗಳಯಾನಕ್ಕೆ ತಗುಲಿದ್ದು 450 ಕೋಟಿ ರೂಪಾಯಿ. 2014ರ ಸೆಪ್ಟೆಂಬರ್ 24ರಂದು ಅದು ಕಕ್ಷೆ ಸೇರಿದಾಗ ಆದೇಶ ಹೋದದ್ದು ಬೆಂಗಳೂರಿನ ಪೀಣ್ಯದಿಂದ. ಅದನ್ನು ಹೊತ್ತ ಪಿಎಸ್‌ಎಲ್‌ವಿಯ ಎಷ್ಟೋ ಭಾಗಗಳು ಗೋದ್ರೆಜ್, ಎಲ್ ಅಂಡ್ ಟಿಯಂಥ ಖಾಸಗಿ ಕಾರ್ಖಾನೆಗಳಲ್ಲಿ ತಯಾರಾಗುತ್ತವೆ. ಮಾಡುವವರು ಖಾಸಗಿ, ತೀರ್ಮಾನ ಸಾರ್ವಜನಿಕ. ಈಗ ಬೆಂಗಳೂರಿನಲ್ಲಿ ಪಿಕ್ಸೆಲ್, ದಿಗಂತರ, ಬೆಲ್ಲಾಟ್ರಿಕ್ಸ್‌ನಂಥ ಕಂಪನಿಗಳು ಬೆಳೆದಿವೆ. 2020ರಲ್ಲಿ ಇನ್‌-ಸ್ಪೇಸ್ ಎಂಬ ಸರ್ಕಾರಿ ಅನುಮತಿ ಸಂಸ್ಥೆ ಬಂತು, 2023ರಲ್ಲಿ ಬಾಹ್ಯಾಕಾಶ ನೀತಿ ಬಂತು. ಸಂಸತ್ತು ಒಪ್ಪಿದ ಬಾಹ್ಯಾಕಾಶ ಚಟುವಟಿಕೆ ಕಾಯ್ದೆ ಮಾತ್ರ ಇನ್ನೂ ಬಂದಿಲ್ಲ. ಈ ಕಂಪನಿಗಳಲ್ಲೊಂದು ನಾಳೆ ಮಂಗಳಕ್ಕೆ ಹೊರಟರೆ, 1967ರ ಒಪ್ಪಂದದ ಪ್ರಕಾರ ಹೊಣೆ ಹೊರಬೇಕಾದದ್ದು ಭಾರತ ಸರ್ಕಾರ. ನೌಕೆಯಲ್ಲಿ ಏನಿದೆ ಎಂದು ತಪಾಸಣೆ ಮಾಡುವ ಅಧಿಕಾರ, ಗ್ರಹಶುದ್ಧಿಯ ನಿಯಮ, ಮೀರಿದವರಿಗೆ ದಂಡ ಇವೆಲ್ಲ ಆ ಕಾಯ್ದೆಯಲ್ಲಿ ಇರಬೇಕು. ರಾಕೆಟ್ ಸಜ್ಜಾಗುವ ಮೊದಲು ಅದನ್ನು ಸಂಸತ್ತಿನ ಮುಂದೆ ತರಲಿ.