ದೋಣಿಯ ತಳದ ಲೇಪನವೂ ಸೌಪರ್ಣಿಕೆಯ ನೀರೂ

ಕೊಡಚಾದ್ರಿಯ ಬೆಟ್ಟಸಾಲಿನಲ್ಲಿ ಹುಟ್ಟಿ, ಕೊಲ್ಲೂರಿನ ಮೂಕಾಂಬಿಕಾ ದೇವಾಲಯದ ಸಮೀಪದಲ್ಲಿ ಹರಿದು, ಮರವಂತೆಯಲ್ಲಿ ಕಡಲಿನ ಬದಿಗೆ ಬಂದರೂ ಅದನ್ನು ಕೂಡದೆ ತಿರುಗುವ ಸೌಪರ್ಣಿಕಾ ನದಿಯು ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರವನ್ನು ಸೇರುವುದು. ಮೇಲಣ ತೋಟದಲ್ಲಿ ಸಿಂಪಡಿಸಿದ ಔಷಧವೂ ಕೆಳಗಣ ದಡದಲ್ಲಿ ದೋಣಿಗೆ ಬಳಿದ ಬಣ್ಣವೂ ಕಡೆಗೆ ಸೇರುವುದು ಈ ಒಂದೇ ಅಳಿವೆಗೆ. ಆದುದರಿಂದ ದೋಣಿಯ ತಳದ ಲೇಪನವು ಮೀನುಗಾರರಿಗೆ ಮಾತ್ರವಲ್ಲದೆ ಗ್ರಾಮದ ಮುಖಂಡರಿಗೂ ಭೂಮಾಲಿಕರಿಗೂ ಸಂಬಂಧಪಟ್ಟ ವಿಷಯವಾಗಿದೆ.

ಉಪ್ಪುನೀರಿನಲ್ಲಿ ನಿಂತ ದೋಣಿಯ ತಳದಲ್ಲಿ ಮೊದಲು ಸೂಕ್ಷ್ಮಜೀವಿಗಳ ಲೋಳೆಯು ಕಟ್ಟುವುದು. ಅದರ ಮೇಲೆ ಪಾಚಿಯೂ, ಬಳಿಕ ಪಚ್ಚಿಲೆ, ಬಾರ್ನಕಲ್ ಮುಂತಾದ ಚಿಪ್ಪುಜೀವಿಗಳೂ ನೆಲೆಸುವುವು. ತಳವು ಒರಟಾದಷ್ಟೂ ನೀರಿನ ತಡೆ ಹೆಚ್ಚಿ, ಅದೇ ದೂರಕ್ಕೆ ಅಧಿಕ ಡೀಸೆಲ್ ಬೇಕಾಗುವುದು.

ಇದಕ್ಕೆ ರೂಢಿಯಲ್ಲಿರುವ ಪರಿಹಾರವು ವಿಷದ ಬಣ್ಣ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತದಲ್ಲಿರುವ ತಾಮ್ರವೇ ಈ ಬಣ್ಣಗಳಲ್ಲಿ ಹೆಚ್ಚಾಗಿ ಇರುವುದು. ಅದು ಸ್ವಲ್ಪಸ್ವಲ್ಪವಾಗಿ ನೀರಿಗೆ ಬಿಟ್ಟು ಅಂಟುವ ಜೀವಿಯನ್ನು ಕೊಲ್ಲುವುದು. ಆದರೆ ಬೇಕಾದ ಜೀವಿ, ಬೇಡದ ಜೀವಿ ಎಂಬ ಭೇದವನ್ನು ವಿಷವು ತಿಳಿಯದು. ಬೋರ್ಡೋ ದ್ರಾವಣಕ್ಕೆ ಹೆಸರು ಕೊಟ್ಟ ಫ್ರಾನ್ಸಿನ ಪಟ್ಟಣಕ್ಕೆ ಸಮೀಪದ ಆರ್ಕಶೋನ್ ಕೊಲ್ಲಿಯಲ್ಲಿಯೇ ಇದಕ್ಕೆ ದೃಷ್ಟಾಂತವುಂಟು. ಟ್ರೈಬ್ಯೂಟೈಲ್ ಟಿನ್ ಎಂಬ, ತಾಮ್ರಕ್ಕಿಂತಲೂ ಉಗ್ರವಾದ ತವರದ ಸಂಯುಕ್ತವುಳ್ಳ ಬಣ್ಣದಿಂದ 1970ರ ದಶಕದಲ್ಲಿ ಅಲ್ಲಿನ ಸಿಂಪಿಗಳ ಚಿಪ್ಪು ವಿಕಾರಗೊಂಡು, ಮರಿಗಳು ಉಳಿಯದೆ ಸಾಕಣೆಗಾರರು ನಷ್ಟಕ್ಕೊಳಗಾದರು. 1982ರಲ್ಲಿ ಫ್ರಾನ್ಸ್ ದೇಶವು ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. 2001ರ ಅಂತರರಾಷ್ಟ್ರೀಯ ಒಡಂಬಡಿಕೆಯು 2008ರಲ್ಲಿ ಜಾರಿಗೆ ಬಂದು ಹಡಗುಗಳಲ್ಲಿಯೂ ಇಂಥ ಬಣ್ಣವನ್ನು ನಿಲ್ಲಿಸಿತು. ಮರುವಾಯಿಯನ್ನು ಆಯ್ದು ಜೀವಿಸುವ ಕುಟುಂಬಗಳಿರುವ ಅಳಿವೆಯ ಗ್ರಾಮಗಳು ಈ ಪಾಠವನ್ನು ಮರೆಯಲಾಗದು.

ಕೊಲ್ಲುವುದರ ಬದಲು ಅಂಟದಂತೆ ಮಾಡುವುದು ಎರಡನೆಯ ಮಾರ್ಗ. ಇದಕ್ಕೆ ಪ್ರಕೃತಿಯೇ ಗುರು. ಶಾರ್ಕ್ ಮೀನಿನ ಚರ್ಮದ ಮೇಲಣ ಸೂಕ್ಷ್ಮ ಗೆರೆಗಳನ್ನು ಅನುಸರಿಸಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಆಂತೊನಿ ಬ್ರೆನನ್ ಅವರು ರಚಿಸಿದ ಮೇಲ್ಮೈಯಲ್ಲಿ ಪಾಚಿಯ ಬೀಜಾಣುಗಳು ಅಂಟುವುದು ಬಹಳ ಕಡಿಮೆಯಾಯಿತು. ಕೀಟವು ಕಾಲೂರಲಾರದೆ ಜಾರಿಬೀಳುವ ಹೂಜಿಗಿಡದ ಅಂಚನ್ನು ನೋಡಿ ಹಾರ್ವರ್ಡ್ ವಿಶ್ವವಿದ್ಯಾಲಯದವರು 2011ರಲ್ಲಿ ಎಣ್ಣೆಯನ್ನು ಹಿಡಿದಿಡುವ ಜಾರು ಲೇಪನವನ್ನು ಪ್ರಕಟಿಸಿದರು. ವಿಷವಿಲ್ಲದ ಸಿಲಿಕೋನ್ ಲೇಪನಗಳು ಈಗ ಮಾರಾಟದಲ್ಲಿವೆ. ಅವುಗಳಿಗೆ ಬೆಲೆ ಹೆಚ್ಚು. ವೇಗವಾಗಿ ಚಲಿಸುವ ನೌಕೆಯಲ್ಲಿ ಅಂಟಿದ್ದು ತಾನಾಗಿ ಕಳಚುವುದು, ನಿಂತೇ ಇರುವ ನೌಕೆಗೆ ಅಷ್ಟು ಫಲವಿಲ್ಲ.

ಕರಾವಳಿಯ ಹಿರಿಯರು ಮರದ ದೋಣಿಗೆ ಮೀನೆಣ್ಣೆ, ಹೊನ್ನೆ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆಗಳನ್ನು ಬಳಿಯುತ್ತಿದ್ದರು. ಇವು ಮರವನ್ನು ನೀರಿನಿಂದ ಕಾಯುವುವೇ ಹೊರತು ಚಿಪ್ಪುಜೀವಿಗಳನ್ನು ಪೂರ್ಣವಾಗಿ ತಡೆಯಲಾರವು. ಆದರೂ ಗೇರುಸಿಪ್ಪೆಯ ಎಣ್ಣೆಯಿಂದ ದೊರೆಯುವ ಕಾರ್ಡನಾಲ್ ಎಂಬ ವಸ್ತುವು ಇಂದು ಬಣ್ಣದ ರಾಳಗಳ ತಯಾರಿಕೆಗೆ ಉಪಯೋಗವಾಗುತ್ತಿರುವುದರಿಂದ, ಗೇರುತೋಟದವರು ಸಿಪ್ಪೆಯನ್ನು ಕಸವೆಂದು ಎಣಿಸಬಾರದು. ಈ ಎಣ್ಣೆಯು ಚರ್ಮವನ್ನು ಸುಡುವುದರಿಂದ ಬರಿಗೈಯಲ್ಲಿ ಮುಟ್ಟಕೂಡದು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳೇ ದೋಣಿಯ ತಳವನ್ನು ಸರಿಪಡಿಸುವ ಕಾಲ. ಆಗ ಮುಖಂಡರು ಈ ಕೆಳಗಿನ ಸಂಗತಿಗಳನ್ನು ಊರವರಿಗೆ ತಿಳಿಯಹೇಳತಕ್ಕದ್ದು:

1. ತಳವನ್ನು ಕೆರೆಯುವಾಗ ಟಾರ್ಪಾಲು ಹಾಸಿ, ಉದುರಿದ ಬಣ್ಣವನ್ನು ಕೂಡಿಸಿಡಬೇಕು, ಹೊಳೆಗೆ ತಳ್ಳಬಾರದು.

2. ದಿನವೂ ದಡಕ್ಕೆ ಎಳೆದು ಒಣಗಿಸುವ ಸಣ್ಣ ದೋಣಿಗೆ ವಿಷದ ಬಣ್ಣದ ಅಗತ್ಯವಿಲ್ಲ.

3. ಅನುಕೂಲವಿದ್ದಲ್ಲಿ ದೋಣಿಯನ್ನು ಕೆಲವು ದಿನ ಸಿಹಿನೀರಿನಲ್ಲಿ ಕಟ್ಟಿದರೆ ಕಡಲಿನ ಅನೇಕ ಅಂಟುಜೀವಿಗಳು ಸಾಯುವುವು.

4. ಬಣ್ಣವನ್ನು ಕೊಳ್ಳುವಾಗ ಅದರಲ್ಲಿ ಏನಿದೆ ಎಂಬುದನ್ನು ಡಬ್ಬಿಯ ಮೇಲೆ ಓದಿ ತಿಳಿಯಬೇಕು.

ತೋಟದವನೂ ದೋಣಿಯವನೂ ಒಂದೇ ಹೊಳೆಯ ಒಕ್ಕಲುಗಳು. ಇಬ್ಬರೂ ವಿಷವನ್ನು ಅಳತೆಯಲ್ಲಿಟ್ಟರೆ ಅಳಿವೆಯ ಬೆಳೆಯು ಮುಂದಿನ ತಲೆಮಾರಿಗೂ ಉಳಿದೀತು.