ಬಿಸಿಲಿನ ಜೀವಸತ್ವ ನೆಗಡಿಯನ್ನು ತಡೆಯುವುದೇ?

ಚಳಿಗಾಲ ಬಂತೆಂದರೆ ತರಗತಿಯ ತುಂಬ ಕೆಮ್ಮು, ಸೀನುಗಳದೇ ಸದ್ದು. ವಿಟಮಿನ್ ‘ಡಿ’ ಕೊಟ್ಟರೆ ಮಕ್ಕಳಿಗೆ ನೆಗಡಿಯೇ ಬರುವುದಿಲ್ಲವಂತೆ, ನಿಜವೇ ಎಂದು ಪೋಷಕರು ಕೇಳುವುದುಂಟು. ಉತ್ತರಕ್ಕಾಗಿ ಮಂಗೋಲಿಯದ ರಾಜಧಾನಿ ಉಲಾನ್‌ಬಾತರ್ ನಗರದ ಕಡೆ ನೋಡೋಣ.

ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳ ನೆರವಿನಿಂದ ನಮ್ಮ ಚರ್ಮವೇ ವಿಟಮಿನ್ ‘ಡಿ’ಯನ್ನು ತಯಾರಿಸಿಕೊಳ್ಳುತ್ತದೆ. ಉಲಾನ್‌ಬಾತರ್ ಇರುವುದು ಸುಮಾರು 48 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಳಿಗಾಲದಲ್ಲಿ ಅಲ್ಲಿ ಸೂರ್ಯ ಮೇಲಕ್ಕೇರುವುದೇ ಕಡಿಮೆ. ಓರೆಯಾಗಿ ಬರುವ ಕಿರಣಗಳು ವಾಯುಮಂಡಲದಲ್ಲಿ ಬಹುದೂರ ಸಾಗಬೇಕಾದ್ದರಿಂದ ಬೇಕಾದ ಅತಿನೇರಳೆ ಅಂಶವನ್ನು ಓಜೋನ್ ಹೀರಿಬಿಡುತ್ತದೆ. ಜೊತೆಗೆ ಮೈತುಂಬ ಉಣ್ಣೆಯ ಬಟ್ಟೆ! ಹೀಗಾಗಿ ಅಲ್ಲಿನ ಮಕ್ಕಳಲ್ಲಿ ಈ ಜೀವಸತ್ವದ ಕೊರತೆ ಸಾಮಾನ್ಯ.

ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳು ‘ಕ್ಯಾಥೆಲಿಸಿಡಿನ್’ ಎಂಬ ಪ್ರತಿರೋಧಕ ವಸ್ತುವನ್ನು ತಯಾರಿಸಲು ವಿಟಮಿನ್ ‘ಡಿ’ ನೆರವಾಗುತ್ತದೆಂದು 2006ರಲ್ಲಿ ತಿಳಿದುಬಂತು. ಹಾಗಾದರೆ ಕೊರತೆ ನೀಗಿದರೆ ಉಸಿರಾಟದ ಸೋಂಕೂ ತಗ್ಗಬೇಕಲ್ಲವೇ?

ಅಲ್ಲಿನ ಸುಮಾರು 250 ಶಾಲಾಮಕ್ಕಳಲ್ಲಿ ಕೆಲವರಿಗೆ ಚಳಿಗಾಲದಲ್ಲಿ ವಿಟಮಿನ್ ‘ಡಿ’ ಬೆರೆಸಿದ ಹಾಲು, ಉಳಿದವರಿಗೆ ಬರಿಯ ಹಾಲು ಕೊಡಲಾಯಿತು. ಮೊದಲ ಗುಂಪಿನಲ್ಲಿ ನೆಗಡಿ, ಕೆಮ್ಮು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತೆಂದು 2012ರಲ್ಲಿ ವರದಿಯಾಯಿತು. ಆದರೆ ಪ್ರಯೋಗ ಚಿಕ್ಕದು. ಲೆಕ್ಕ ಹೇಳಿದವರು ಪೋಷಕರು.

ಮುಂದೆ ಅದೇ ನಗರದಲ್ಲಿ 8,851 ಮಕ್ಕಳ ಮೇಲೆ ಮೂರು ವರ್ಷಗಳ ಪ್ರಯೋಗ ನಡೆಯಿತು. ಅರ್ಧದಷ್ಟು ಮಕ್ಕಳಿಗೆ ವಾರಕ್ಕೊಮ್ಮೆ ವಿಟಮಿನ್ ‘ಡಿ’, ಉಳಿದವರಿಗೆ ಅದರಂತೆಯೇ ಕಾಣುವ ಔಷಧರಹಿತ ಗುಳಿಗೆ. ಔಷಧ ಪಡೆದವರ ರಕ್ತದಲ್ಲಿ ಜೀವಸತ್ವವೇನೋ ಏರಿತು. ಆದರೆ ಕ್ಷಯದ ಸೋಂಕಾಗಲಿ, ಇತರ ಉಸಿರಾಟದ ಸೋಂಕಾಗಲಿ ಕಡಿಮೆಯಾಗಲಿಲ್ಲ ಎಂಬುದು 2020ರಲ್ಲಿ ಪ್ರಕಟವಾದ ಫಲಿತಾಂಶ.

ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದಾಗಲೂ ಇದೇ ಕಥೆ. 2017ರಲ್ಲಿ ಸುಮಾರು 11,000 ಜನರ ಲೆಕ್ಕದಲ್ಲಿ ಲಾಭ ಕಂಡಿತ್ತು. 2025ರಲ್ಲಿ 64,000 ಜನರ ಲೆಕ್ಕ ಹಾಕಿದಾಗ ಖಚಿತ ಲಾಭ ಕಾಣಲಿಲ್ಲ.

ಹಾಗೆಂದು ವಿಟಮಿನ್ ‘ಡಿ’ ಬೇಡವೆಂದಲ್ಲ. ಕ್ಯಾಲ್ಸಿಯಂ ಹೀರಿಕೊಂಡು ಮೂಳೆ ಗಟ್ಟಿಯಾಗಲು ಅದು ಬೇಕೇ ಬೇಕು. ಕೊರತೆಯಾದರೆ ಮಕ್ಕಳಿಗೆ ರಿಕೆಟ್ಸ್ ಬರುತ್ತದೆ. ಆದರೆ ನೆಗಡಿಯ ಭಯದಿಂದ ವೈದ್ಯರನ್ನು ಕೇಳದೆ ಗುಳಿಗೆ ನುಂಗಿಸುವುದು ಸಲ್ಲದು. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಅಪಾಯ.

ನಮ್ಮ ನಾಡಿಗಂತೂ ವರ್ಷವಿಡೀ ಬಿಸಿಲಿನ ಭಾಗ್ಯವಿದೆ. ಆದರೆ ಮುಚ್ಚಿದ ಗಾಜಿನ ಕಿಟಕಿಯ ಹಿಂದೆ ಕುಳಿತು ಓದಿದರೆ ಅದರ ಪ್ರಯೋಜನವಿಲ್ಲ. ಬೇಕಾದ ಕಿರಣಗಳನ್ನು ಗಾಜು ತಡೆಯುತ್ತದೆ. ಪರೀಕ್ಷೆ ಹತ್ತಿರ ಬಂದರೂ ಮಕ್ಕಳು ದಿನವೂ ಕೊಂಚ ಹೊತ್ತು ಬಯಲಿನಲ್ಲಿ ಆಡಲಿ!