ಜಾನ್ ವಿಸ್ಡನ್: ಸಸೆಕ್ಸ್‌ನ ಬೌಲರ್, ಲಂಡನ್ನಿನ ಅಂಗಡಿಕಾರ

ಜಾನ್ ವಿಸ್ಡನ್ ಹುಟ್ಟಿದ್ದು 1826ರ ಸೆಪ್ಟೆಂಬರ್ 5ರಂದು, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ನಿನಲ್ಲಿ. ಅಪ್ಪನದು ಮನೆ ಕಟ್ಟಿಸುವ ಕಸುಬು. ಆತ ಬೇಗ ತೀರಿಕೊಂಡಿದ್ದರಿಂದ ಹುಡುಗ ಸಸೆಕ್ಸ್ ತಂಡದ ವಿಕೆಟ್‌ಕೀಪರ್ ಟಾಮ್ ಬಾಕ್ಸ್‌ನ ಆಸರೆಯಲ್ಲಿ ಬೆಳೆದ. ಅಪ್ಪನಿಲ್ಲದ ಹುಡುಗನೊಬ್ಬನಿಗೆ ಇದಕ್ಕಿಂತ ಒಳ್ಳೆಯ ಗರಡಿ ಸಿಗುವುದು ಕಷ್ಟವಿತ್ತು. 1839ರಲ್ಲಿ ಸ್ಥಾಪನೆಯಾದ ಸಸೆಕ್ಸ್ ಕ್ಲಬ್ ಇಂದಿರುವ ಕೌಂಟಿ ಕ್ಲಬ್‌ಗಳಲ್ಲೆಲ್ಲ ಹಳೆಯದು. ತೋಳನ್ನು ಭುಜದ ಮಟ್ಟಕ್ಕೆ ಪಕ್ಕಕ್ಕೆ ಚಾಚಿ ಎಸೆಯುವ ರೌಂಡ್ ಆರ್ಮ್ ಬೌಲಿಂಗ್‌ಗಾಗಿ ಹಟ ಹಿಡಿದು, ಹಳೆಯ ಅಂಡರ್ ಆರ್ಮ್‌ನವರ ವಿರೋಧವನ್ನು ಎದುರಿಸಿ ಗೆದ್ದವರೂ ಸಸೆಕ್ಸ್‌ನ ಬೌಲರ್‌ಗಳೇ. 1835ರಲ್ಲಿ ನಿಯಮವೇ ಅದಕ್ಕೆ ಒಪ್ಪಿಗೆ ಕೊಟ್ಟಿತು. ವಿಸ್ಡನ್ ಕಲಿತದ್ದು ಈ ಹೊಸ ವಿದ್ಯೆಯನ್ನು.

1845ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ, ಲಾರ್ಡ್ಸ್‌ನಲ್ಲಿ ಎಂಸಿಸಿ ವಿರುದ್ಧ ಆತ ಸಸೆಕ್ಸ್ ಪರ ಮೊದಲ ಪಂದ್ಯ ಆಡಿದ. ಎತ್ತರ ಸುಮಾರು ಐದು ಅಡಿ ನಾಲ್ಕು ಅಂಗುಲ, ತೂಕ ನಲವತ್ತೈದು ಕಿಲೊ ಆಸುಪಾಸು. ವೇಗದ ಬೌಲರ್ ಎಂದರೆ ಆಳೆತ್ತರದ ಭಾರಿ ಮೈಕಟ್ಟಿನವನು ಎಂದು ನಂಬಿದ್ದ ಕಾಲದಲ್ಲಿ ಈ ಪುಟ್ಟ ದೇಹ ಎಲ್ಲರಿಗೂ ಸೋಜಿಗ. ‘ಲಿಟಲ್ ವಂಡರ್’ ಎಂಬ ಅಡ್ಡಹೆಸರು ಬಿದ್ದದ್ದು ಹಾಗೆ ಸುಮ್ಮನೆ ಅಲ್ಲ. ಅವನ ಎಸೆತದಲ್ಲಿ ಒಳ್ಳೆಯ ವೇಗವಿತ್ತು, ಗುರಿ ತಪ್ಪುತ್ತಿರಲಿಲ್ಲ, ಪುಟಿದ ಚೆಂಡು ಆಫ್ ಕಡೆಯಿಂದ ಒಳಕ್ಕೆ ನುಗ್ಗುತ್ತಿತ್ತು. ಏರುತಗ್ಗಿನ ಆಗಿನ ಪಿಚ್‌ಗಳ ಮೇಲೆ ಬ್ಯಾಟ್ಸ್‌ಮನ್‌ಗೆ ಇಷ್ಟು ಸಾಕಾಗಿತ್ತು.

ಇದಕ್ಕೆ ಸಾಕ್ಷಿ 1850ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ನಡೆದ ಉತ್ತರ-ದಕ್ಷಿಣ ಪಂದ್ಯ. ವಿಸ್ಡನ್ ಅಪ್ಪಟ ದಕ್ಷಿಣದವನಾದರೂ ಆಗ ಲೆಮಿಂಗ್ಟನ್‌ನಲ್ಲಿ ವ್ಯವಹಾರ ಇಟ್ಟುಕೊಂಡಿದ್ದರಿಂದ ಉತ್ತರದ ಪರ ಆಡಿದ. ದಕ್ಷಿಣದ ಎರಡನೇ ಇನಿಂಗ್ಸಿನ ಹತ್ತೂ ವಿಕೆಟ್ ಅವನವೇ ಆದವು. ಒಂದು ಇನಿಂಗ್ಸಿನಲ್ಲಿ ಹತ್ತು ವಿಕೆಟ್ ಪಡೆದವರು ಆಮೇಲೆ ಹಲವರು ಬಂದಿದ್ದಾರೆ. ನಮ್ಮ ಅನಿಲ್ ಕುಂಬ್ಳೆ 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಟೆಸ್ಟ್ ಪಂದ್ಯದಲ್ಲೇ ಅದನ್ನು ಮಾಡಿದ. ಆದರೆ ವಿಸ್ಡನ್ ಉರುಳಿಸಿದ ಹತ್ತೂ ಮಂದಿ ಬೌಲ್ಡ್. ಕ್ಯಾಚ್ ಇಲ್ಲ, ಸ್ಟಂಪಿಂಗ್ ಇಲ್ಲ, ಫೀಲ್ಡರ್‌ಗಳು ಕೈಕಟ್ಟಿ ನಿಂತಿದ್ದರೂ ನಡೆಯುತ್ತಿತ್ತು. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಇದು ಮತ್ತೆಂದೂ ಆಗಿಲ್ಲ.

ಇಷ್ಟಾದರೂ ಕೌಂಟಿ ಪಂದ್ಯಗಳನ್ನೇ ನಂಬಿ ಬದುಕುವಂತಿರಲಿಲ್ಲ. ಆಗ ಕೌಂಟಿಗಳ ನಡುವೆ ವರ್ಷಕ್ಕೆ ನಡೆಯುತ್ತಿದ್ದ ಪಂದ್ಯಗಳು ಬೆರಳೆಣಿಕೆಯವು. ವೃತ್ತಿನಿರತ ಆಟಗಾರರಿಗೆ ಅನ್ನ ಹಾಕಿದ್ದು ಊರೂರು ಸುತ್ತುವ ತಂಡಗಳು. ನಾಟಿಂಗ್‌ಹ್ಯಾಮ್‌ನ ವಿಲಿಯಂ ಕ್ಲಾರ್ಕ್ 1846ರಲ್ಲಿ ‘ಆಲ್ ಇಂಗ್ಲೆಂಡ್ ಇಲೆವೆನ್’ ಎಂಬ ತಂಡ ಕಟ್ಟಿ, ದೇಶದ ಹೆಸರಾಂತ ಆಟಗಾರರನ್ನು ಆಗಷ್ಟೇ ಹರಡುತ್ತಿದ್ದ ರೈಲು ಹತ್ತಿಸಿ ಪಟ್ಟಣದಿಂದ ಪಟ್ಟಣಕ್ಕೆ ಕರೆದೊಯ್ದ. ಹನ್ನೊಂದು ಜನರ ಎದುರು ಸ್ಥಳೀಯರು ಇಪ್ಪತ್ತೆರಡು ಮಂದಿ ಇಳಿಯುತ್ತಿದ್ದರು. ಅಂಥ ಪಂದ್ಯಗಳೂ ಸೇರಿ 1851ರ ಒಂದೇ ಋತುವಿನಲ್ಲಿ ವಿಸ್ಡನ್ ಕಿತ್ತ ವಿಕೆಟ್‌ಗಳು 455. ಸಂಖ್ಯೆ ನೋಡಿ ಬೆರಗಾಗುವ ಮುನ್ನ ಎದುರಾಳಿಗಳಲ್ಲಿ ಬಹಳಷ್ಟು ಜನ ಊರಿನ ಹವ್ಯಾಸಿಗಳು ಎಂಬುದನ್ನು ನೆನಪಿಡಬೇಕು. ಹಾಗೆಯೇ, ಋತುವಿಡೀ ರೈಲು, ಕುದುರೆಗಾಡಿಗಳಲ್ಲಿ ಅಲೆಯುತ್ತ ಅಷ್ಟು ಚೆಂಡು ಎಸೆದ ಆ ಸಣ್ಣ ಮೈಯ ದಣಿವನ್ನೂ.

ಕ್ಲಾರ್ಕ್ ಕೈಬಿಗಿ ಮನುಷ್ಯ. ಪಂದ್ಯಕ್ಕೆ ನಾಲ್ಕರಿಂದ ಆರು ಪೌಂಡ್ ಕೊಟ್ಟು ಉಳಿದ ಲಾಭವನ್ನು ತಾನೇ ಇಟ್ಟುಕೊಳ್ಳುತ್ತಿದ್ದ. ಬೇಸತ್ತ ಆಟಗಾರರು 1852ರಲ್ಲಿ ಸಿಡಿದುನಿಂತು ‘ಯುನೈಟೆಡ್ ಆಲ್ ಇಂಗ್ಲೆಂಡ್ ಇಲೆವೆನ್’ ಸ್ಥಾಪಿಸಿದರು. ಆ ಬಂಡಾಯದ ಮುಂದಾಳುಗಳು ವಿಸ್ಡನ್ ಮತ್ತು ಸಸೆಕ್ಸ್‌ನ ಇನ್ನೊಬ್ಬ ಬೌಲರ್ ಜೆಮ್ಮಿ ಡೀನ್. ಕ್ಲಾರ್ಕ್ 1856ರಲ್ಲಿ ಸತ್ತ ಮೇಲೆ ಹಳೆಯ ತಂಡದ ಹೊಣೆ ನಾಟಿಂಗ್‌ಹ್ಯಾಮ್‌ಶೈರ್‌ನ ಜಾರ್ಜ್ ಪಾರ್‌ಗೆ ಬಂತು, ಹಗೆ ತಣ್ಣಗಾಯಿತು. 1857ರಿಂದ ಎರಡೂ ತಂಡಗಳು ಲಾರ್ಡ್ಸ್‌ನಲ್ಲಿ ಪರಸ್ಪರ ಆಡತೊಡಗಿದವು. ಆ ಕಾಲದ ಋತುವಿನ ದೊಡ್ಡ ಪಂದ್ಯ ಅದೇ.

ಪಾರ್ ಮತ್ತು ವಿಸ್ಡನ್ ಹಳೆಯ ಸ್ನೇಹಿತರು. ಲೆಮಿಂಗ್ಟನ್‌ನಲ್ಲಿ ಇಬ್ಬರೂ ಪಾಲುದಾರರಾಗಿ ಕ್ರಿಕೆಟ್ ಮೈದಾನವೊಂದನ್ನು ನಡೆಸಿದ್ದರು. ಪಾರ್‌ನ ತಂಗಿ ಆ್ಯನಿಯೊಂದಿಗೆ ವಿಸ್ಡನ್‌ನ ಮದುವೆ ನಿಶ್ಚಯವಾಗಿತ್ತು. ಮದುವೆಗೆ ಮೊದಲೇ ಆಕೆ ತೀರಿಕೊಂಡಳು. ವಿಸ್ಡನ್ ಮತ್ತೆ ಮದುವೆಯ ಮಾತೆತ್ತಲಿಲ್ಲ, ಒಂಟಿಯಾಗಿಯೇ ಉಳಿದ.

1859ರ ಸೆಪ್ಟೆಂಬರ್‌ನಲ್ಲಿ ಇಬ್ಬರೂ ಒಂದೇ ಹಡಗು ಹತ್ತಿದರು. ಎರಡೂ ತಂಡಗಳಿಂದ ಆರಾರು ಮಂದಿ ಸೇರಿದ ಹನ್ನೆರಡು ಜನರ ತಂಡ ಲಿವರ್‌ಪೂಲ್‌ನಿಂದ ಉತ್ತರ ಅಮೆರಿಕಕ್ಕೆ ಹೊರಟಿತ್ತು. ಸಮುದ್ರ ದಾಟಿ ಆಡಲು ಹೋದ ಮೊದಲ ಇಂಗ್ಲಿಷ್ ಕ್ರಿಕೆಟ್ ತಂಡ ಇದೇ. ಅಲೆಗಳ ಹೊಯ್ದಾಟ ಕಂಡು ವಿಸ್ಡನ್, ಈ ಪಿಚ್‌ಗೆ ತುರ್ತಾಗಿ ರೋಲರ್ ಹೊಡೆಸಬೇಕು ಎಂದನೆಂಬ ಕಥೆ ಕ್ರಿಕೆಟ್ ಮಂದಿಯ ಬಾಯಲ್ಲಿ ಇಂದಿಗೂ ಇದೆ. ಮಾಂಟ್ರಿಯಲ್, ಹೊಬೊಕೆನ್, ಫಿಲಡೆಲ್ಫಿಯಾ, ಹ್ಯಾಮಿಲ್ಟನ್, ರೊಚೆಸ್ಟರ್ ಐದೂ ಕಡೆ ಇಪ್ಪತ್ತೆರಡು ಮಂದಿಯ ಎದುರು ಆಡಿ ಐದೂ ಪಂದ್ಯ ಗೆದ್ದರು. ಒಬ್ಬೊಬ್ಬನ ಕೈಗೆ ತೊಂಬತ್ತು ಪೌಂಡ್‌ನಷ್ಟು ಹಣ ಸಿಕ್ಕಿತು. ಕ್ಲಾರ್ಕ್‌ನ ಕೂಲಿಯ ಲೆಕ್ಕದಲ್ಲಿ ಅದು ಹದಿನೈದಿಪ್ಪತ್ತು ಪಂದ್ಯಗಳ ಸಂಪಾದನೆ.

ಬ್ಯಾಟಿಂಗ್‌ನಲ್ಲೂ ಅವನನ್ನು ಕಡೆಗಣಿಸುವಂತಿರಲಿಲ್ಲ. 1849ರಲ್ಲಿ ಕೆಂಟ್ ವಿರುದ್ಧ ನೂರು, 1855ರಲ್ಲಿ ಯಾರ್ಕ್‌ಶೈರ್ ವಿರುದ್ಧ 148 ಓಟ ಹೊಡೆದ. ಒಟ್ಟು 187 ಪ್ರಥಮ ದರ್ಜೆ ಪಂದ್ಯಗಳಲ್ಲಿ 4,140 ಓಟ, 1,109 ವಿಕೆಟ್. ಸರಾಸರಿ ಹದಿನಾಲ್ಕು ಎಂಬುದು ಇಂದು ಬಾಲಂಗೋಚಿ ಬ್ಯಾಟ್ಸ್‌ಮನ್‌ನ ಅಂಕಿಯಂತೆ ಕಾಣಬಹುದು. ಶತಕಗಳೇ ಅಪರೂಪವಾಗಿದ್ದ ಆ ಕಾಲದಲ್ಲಿ ಅದು ಆಲ್‌ರೌಂಡರ್‌ನ ಲೆಕ್ಕ.

ಮೈ ಸೋತ ದಿನ ಏನು ಗತಿ ಎಂಬ ಚಿಂತೆ ಆಗಿನ ಪ್ರತಿ ವೃತ್ತಿ ಆಟಗಾರನದು. ವಿಸ್ಡನ್ ಅದಕ್ಕೆ ಬೇಗನೆ ಸಿದ್ಧನಾದ. ಹ್ಯಾರೋ ಶಾಲೆಯಲ್ಲಿ ಕೆಲವು ವರ್ಷ ತರಬೇತುದಾರನಾಗಿದ್ದ. ಕಷ್ಟಕ್ಕೆ ಸಿಕ್ಕ ಆಟಗಾರರ ನೆರವಿನ ನಿಧಿಯೊಂದಕ್ಕೆ ಕಾರ್ಯದರ್ಶಿಯಾದ. 1855ರಲ್ಲಿ ಫ್ರೆಡ್ ಲಿಲಿವೈಟ್ ಎಂಬಾತನೊಂದಿಗೆ ಕೂಡಿ ಲಂಡನ್ನಿನ ಹೇಮಾರ್ಕೆಟ್ ಬಳಿ ಕ್ರಿಕೆಟ್ ಸಾಮಾನು ಮತ್ತು ಸಿಗಾರ್ ಮಾರುವ ಅಂಗಡಿ ತೆರೆದ. ಮೂರು ವರ್ಷಕ್ಕೆ ಪಾಲುದಾರಿಕೆ ಮುರಿಯಿತು, ಅಂಗಡಿ ವಿಸ್ಡನ್‌ನದಾಗಿ ಉಳಿಯಿತು. ಸಂಧಿವಾತ ಕಾಡಿ 1863ರಲ್ಲಿ ಆಟ ಬಿಟ್ಟಾಗ ಹೊಟ್ಟೆಪಾಡಿಗೆ ದಾರಿ ಇತ್ತು.

ಮಾರನೆಯ ವರ್ಷವೇ ಅವನ ‘ದಿ ಕ್ರಿಕೆಟರ್ಸ್ ಆಲ್ಮನ್ಯಾಕ್’ ಹೊರಬಂತು. 112 ಪುಟ, ಬೆಲೆ ಒಂದು ಶಿಲಿಂಗ್. ಲಿಲಿವೈಟ್ ಹಲವು ವರ್ಷಗಳಿಂದ ಇಂಥದೇ ವಾರ್ಷಿಕ ಕೈಪಿಡಿ ತರುತ್ತಿದ್ದ. ಮಾಜಿ ಪಾಲುದಾರನಿಗೆ ಪೈಪೋಟಿ ಕೊಟ್ಟು, ಅಂಗಡಿಗೂ ಹೆಸರು ತರುವ ಉಪಾಯ ಇದು. ಒಳಗೆ ಹಿಂದಿನ ಪಂದ್ಯಗಳ ಸ್ಕೋರು, ಆಟದ ನಿಯಮಗಳು ಇದ್ದವು. ಪುಟ ತುಂಬಿಸಲು ಡರ್ಬಿ ಕುದುರೆ ಓಟದ ವಿಜೇತರು, ಕಾಲುವೆಗಳ ಉದ್ದ, ಇಂಗ್ಲಿಷ್ ಅಂತರ್ಯುದ್ಧದ ಕಾಳಗಗಳ ತಾರೀಕು, ಒಂದನೇ ಚಾರ್ಲ್ಸ್‌ನ ವಿಚಾರಣೆ ಕೂಡ ಸೇರಿದ್ದವು! ಕ್ರಿಕೆಟ್‌ನ ಧರ್ಮಗ್ರಂಥ ಎಂದು ಮುಂದೆ ಕರೆಸಿಕೊಂಡ ಪುಸ್ತಕದ ಆರಂಭ ಇಷ್ಟು ಚಿಲ್ಲರೆಯದು. ಕಾಲ ಮಾತ್ರ ಕೂಡಿಬಂದಿತ್ತು. ಅದೇ 1864ರಲ್ಲಿ ಓವರ್ ಆರ್ಮ್ ಬೌಲಿಂಗ್‌ಗೆ ಅನುಮತಿ ಸಿಕ್ಕಿತು. ಮರುವರ್ಷ ಡಬ್ಲ್ಯು. ಜಿ. ಗ್ರೇಸ್ ಪ್ರಥಮ ದರ್ಜೆಯ ಆಟಕ್ಕೆ ಇಳಿದ. ದಾಖಲೆ ಇಡಬೇಕಾದ ಕ್ರಿಕೆಟ್ ಆಗತಾನೇ ಶುರುವಾಗಿತ್ತು.

1872ರಲ್ಲಿ ಅಂಗಡಿ ಲೆಸ್ಟರ್ ಸ್ಕ್ವೇರ್ ಹತ್ತಿರದ ಕ್ರ್ಯಾನ್‌ಬೋರ್ನ್ ಬೀದಿಗೆ ಬಂತು. ಅದರ ಮೇಲಿನ ಮನೆಯಲ್ಲೇ ವಿಸ್ಡನ್ 1884ರ ಏಪ್ರಿಲ್ 5ರಂದು ಕ್ಯಾನ್ಸರ್‌ನಿಂದ ತೀರಿಕೊಂಡ. ವಯಸ್ಸು 57. ಬ್ರಾಂಪ್ಟನ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ.

ವಾರ್ಷಿಕ ಪುಸ್ತಕ ನಿಲ್ಲಲಿಲ್ಲ. ಎರಡು ಮಹಾಯುದ್ಧಗಳ ನಡುವೆಯೂ ಒಂದು ವರ್ಷ ತಪ್ಪಲಿಲ್ಲ. ಈಗಿನ ಹಳದಿ ಹೊದಿಕೆ ಬಂದದ್ದು 1938ರಲ್ಲಿ. 1889ರ ಸಂಚಿಕೆ ಆರು ಶ್ರೇಷ್ಠ ಬೌಲರ್‌ಗಳ ಚಿತ್ರ ಹಾಕಿದ್ದು ವರ್ಷದ ಐವರು ಕ್ರಿಕೆಟಿಗರ ಆಯ್ಕೆಗೆ ಮೂಲವಾಯಿತು. ಐವತ್ತನೆಯ ಸಂಚಿಕೆ ಬಂದ 1913ರಲ್ಲಿ ಆ ಗೌರವಕ್ಕೆ ಆರಿಸಿದ್ದು ಜಾನ್ ವಿಸ್ಡನ್ ಒಬ್ಬನನ್ನೇ.

ಮುಖ್ಯವಾಗಿ ಇಂಗ್ಲೆಂಡಿನ ಋತುವಿನ ಆಟ ನೋಡಿ ಕೊಡುವ ಈ ಗೌರವ ಒಬ್ಬನಿಗೆ ಸಿಗುವುದು ಒಂದೇ ಸಲ. ಕರ್ನಾಟಕದವರಿಗೂ ಅದು ಸಂದಿದೆ. 1971ರ ಓವಲ್ ಟೆಸ್ಟ್‌ನಲ್ಲಿ 38 ಓಟಕ್ಕೆ ಆರು ವಿಕೆಟ್ ಕಿತ್ತು, ಇಂಗ್ಲೆಂಡಿನಲ್ಲಿ ಭಾರತಕ್ಕೆ ಮೊದಲ ಸರಣಿ ಗೆಲುವು ತಂದ ಬಿ. ಎಸ್. ಚಂದ್ರಶೇಖರ್ 1972ರ ಸಂಚಿಕೆಯಲ್ಲಿದ್ದಾನೆ. 1999ರ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 461 ಓಟ ಗಳಿಸಿದ ರಾಹುಲ್ ದ್ರಾವಿಡ್ 2000ದಲ್ಲಿ. ಇವರಿಬ್ಬರ ನಡುವೆ, 1996ರಲ್ಲಿ, ಅನಿಲ್ ಕುಂಬ್ಳೆ ಆಯ್ಕೆಯಾದದ್ದು ವಿಸ್ಡನ್‌ನಂತೆಯೇ ಕೌಂಟಿಯ ಕೂಲಿ ದುಡಿದು: 1995ರ ಋತುವಿನಲ್ಲಿ ಆತ ನಾರ್ಥಾಂಪ್ಟನ್‌ಶೈರ್‌ಗೆ 105 ವಿಕೆಟ್ ಪಡೆದಿದ್ದ.